ಜುಂ ಅಂದದ್ದು

ಆದಿವಾಲದ ಹತ್ತಿರದ ಬೀಜದ ಗೋದಾಮಿನಲ್ಲಿ, ಹೆಂಗಸರು ಸೀರೆ ಬದಲಿಸುವ ತಗಡಿನ ಕೋಣೆಯ ಕಿಂಡಿಗೆ ಸೂಪರ್‌ವೈಸರ್ ಗೋವಿಂದಯ್ಯ ಮೊಬೈಲ್ ಆನಿಸಿಟ್ಟಿದ್ದ. ಅದನ್ನೂ ಕಿಂಡಿಯಾಚೆ ಅವನ ಕಣ್ಣನ್ನೂ ಕಂಡವಳು ಚಿತ್ತಮ್ಮ. ಅವಳು ಕೂಗುವಷ್ಟರಲ್ಲಿ ಅವನು ಅದನ್ನೆತ್ತಿ ಜೇಬಿಗಿಳಿಸಿದ.

ಅಂದಿನಿಂದ ಅವಳು ನಿಂತಲ್ಲಿ ನಿಲ್ಲಳು, ಕೂತಲ್ಲಿ ಕೂರಳು. ತನ್ನ ಮನೆಯ ಬಚ್ಚಲಲ್ಲೂ ಮೈಗೆ ನೀರು ಹುಯ್ದುಕೊಳ್ಳುವ ಮೊದಲು ಗೋಡೆಯೆಲ್ಲ ತಡವಿ ನೋಡುತ್ತಾಳೆ.

ಮೂರನೆಯ ದಿನ ಮ್ಯಾನೇಜರ್ ಪ್ರದೀಪ್, ಅವಳು ಕೊಟ್ಟ ದೂರಿನ ಹೇಳಿಕೆಯನ್ನು ಇಂಗ್ಲಿಷಿಗೆ ಇಳಿಸಿ ಮೇಜಿನ ಮೇಲಿಟ್ಟ. ಹೆಡ್ಡಾಫೀಸಿಗೆ ಕನ್ನಡ ಬರುವುದಿಲ್ಲವಂತೆ.

"ಸೈನ್ ಹಾಕಮ್ಮ. ನಾಳೆಯಿಂದ ಕೆಲಸಕ್ಕೆ ಬಾ."

ಜೊತೆಯಲ್ಲಿ ಬೀಜ ಆರಿಸುವ, ಡಿಗ್ರಿ ಅರ್ಧಕ್ಕೆ ಬಿಟ್ಟ ಮಂಗಳಾ ಹಾಳೆಯನ್ನು ಎಳೆದುಕೊಂಡು ಓದಿದಳು. ಮೂರನೆಯ ಸಾಲಿನಲ್ಲಿ ಅವಳ ಬೆರಳು ನಿಂತಿತು.

"ಚಿತ್ತಕ್ಕ, ಇದ್ರಾಗೆ ನಿಂಗೆ ಥ್ರಿಲ್ಲಿಂಗ್ ಆತು ಅಂತ ಐತೆ."

"ಹಂಗಂದ್ರೆ?"

"ಜೋಕಾಲಿ ಮ್ಯಾಲಕ್ಕೆ ಹೋದಾಗ ಆಗ್ತೈತಲ್ಲ, ಹಂಗೆ. ಖುಷಿ."

ಪ್ರದೀಪ್ ತಲೆ ಎತ್ತಲಿಲ್ಲ. "ಇವಳೇ ಹೇಳಿದ್ದು. ಅವನ ಕಣ್ಣು ಕಂಡು ಮೈ ಜುಂ ಅಂತು ಅಂತ. ಜುಂ ಅಂದ್ರೆ ಥ್ರಿಲ್ಲೇ ತಾನೆ?"

"ಸಾರ್, ಹಾವು ತುಳಿದ್ರೂ ಮೈ ಜುಂ ಅಂತೈತೆ" ಎಂದಳು ಚಿತ್ತಮ್ಮ. "ಅದೂ ಖುಷಿನಾ?"

ಮಂಗಳಾ ಮೊಬೈಲಿನಲ್ಲಿ ಹುಡುಕುತ್ತಿದ್ದಳು. "ಕ್ರೀಪಿ ಅಂತ ಬರೀಬೇಕು. ಕ್ರೀಪ್ ಅಂದ್ರೆ ಹರಿದಾಡೋದು."

"ಹುಳ ಹರಿದಂಗೆ?"

"ಹೂಂ, ಹಂಗೇ."

"ಅಯ್ಯ, ಇಂಗ್ಲಿಷಿನೋರ ಮೈಮ್ಯಾಲೂ ಹುಳ ಹರೀತಾವೇನೆ! ಸರಿಯಾಗೈತೆ. ಅದನ್ನೇ ಬರೀರಿ ಸಾರ್."

"ಅದೆಲ್ಲ ದೆವ್ವದ ಸಿನಿಮಾಕ್ಕೆ ಅನ್ನೋ ಮಾತು. ಆಫೀಸ್ ಕಾಗದಕ್ಕೆ ಹೊಂದಲ್ಲ" ಎಂದ ಪ್ರದೀಪ್. "ಗೋವಿಂದಯ್ಯ ಮಕ್ಕಳೊಂದಿಗ, ದೆವ್ವ ಅಲ್ಲ. ಒಂದು ಪದಕ್ಕೆ ಇಷ್ಟು ರಾದ್ಧಾಂತ ಯಾಕೆ?"

"ಆ ಪದದಾಗೆ ನಾನಿದೀನಿ ಸಾರ್. ಇದಕ್ಕೆ ಸೈನ್ ಹಾಕಿದ್ರೆ, ಅವ್ನು ನೋಡ್ದ, ನಾನು ಕುಣಿದೆ ಅಂತ ಆಗ್ತೈತೆ."

"ಹಾಕದಿದ್ರೆ ದೂರೇ ಇಲ್ಲ. ನಾಳೆ ಕೆಲಸವೂ ಇಲ್ಲ."

ಮಂಗಳಾ ಚಿತ್ತಮ್ಮನ ಸೆರಗು ಜಗ್ಗಿದಳು. ಹಾಕು ಎಂದೋ, ಹೋಗಾಣ ಎಂದೋ ತಿಳಿಯಲಿಲ್ಲ.

ಪ್ರದೀಪ್ ಪೆನ್ನು ಬದಿಗಿಟ್ಟು, ಶಾಯಿಯ ಡಬ್ಬಿಯ ಮುಚ್ಚಳ ತೆಗೆದ. "ಬರೆಯೋಕೆ ಕೈ ನಡುಗಿದ್ರೆ ಹೆಬ್ಬೆಟ್ಟು ಒತ್ತು. ಅದಕ್ಕೆ ಯಾವ ಅರ್ಥವೂ ಬೇಕಿಲ್ಲ."

"ಒತ್ತಲ್ಲ" ಎಂದಳು ಚಿತ್ತಮ್ಮ.

ಎರಡೂ ಹೆಬ್ಬೆರಳುಗಳನ್ನು ಒಳಗೆ ಮಡಚಿ, ಮುಷ್ಟಿ ಬಿಗಿದು, ಅಲ್ಲೇ ನಿಂತಳು.