ಟೈಪಿಸ್ಟ್‌ಳ ಅಜಾಗರೂಕತೆಯಿಂದ

“ಟೈಪ್ ಮಾಡಮ್ಮ,” ವಕೀಲರು ಕುರ್ಚಿಗೆ ಒರಗಿದರು. “ನನ್ನ ಟೈಪಿಸ್ಟ್‌ಳ ಅಜಾಗರೂಕತೆಯಿಂದ ಮೇಲ್ಮನವಿ ಸಲ್ಲಿಸುವುದು ಹದಿನೇಳು ದಿನ ತಡವಾಯಿತು. ಮನ್ನಿಸಬೇಕು.”

ಅವಳು ಟೈಪ್ ಮಾಡಿದಳು. ಒಂಬತ್ತು ವರ್ಷದಲ್ಲಿ ತನ್ನ ಮೇಲೆ ತಪ್ಪು ಹೊರಿಸಿ ತಾನೇ ಟೈಪ್ ಮಾಡಿದ ಏಳನೇ ಅಫಿಡವಿಟ್ ಇದು.

ಎದುರು ಕುಳಿತಿದ್ದ ಕಕ್ಷಿದಾರ ಅವಳತ್ತ ತಿರುಗಿದ. ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳು ಕೊಟ್ಟು, ಕೆಲಸವನ್ನೂ ಕಳೆದುಕೊಂಡವನು. “ನಿನಗೇನು ಅನ್ಯಾಯ ಮಾಡಿದ್ದೆ ತಾಯಿ?”

“ಹೋಗ್ಲಿ ಬಿಡಪ್ಪ, ಹೆಣ್ಣುಮಗಳು,” ವಕೀಲರು ದೊಡ್ಡ ಮನಸ್ಸು ಮಾಡಿದವರಂತೆ ಎದ್ದರು. “ಊಟ ಮಾಡ್ಕೊಂಡು ಬಂದು ಸಹಿ ಹಾಕ್ತೀನಿ.”

ಮೇಲ್ಮನವಿಯ ಕೊನೆಯ ದಿನದ ಬಗ್ಗೆ ಅವಳು ಮೂರು ಇಮೇಲ್ ಕಳಿಸಿದ್ದಳು. ಮೂರಕ್ಕೂ ಅವರು ಫೋನಿನಿಂದಲೇ ‘ನೋಡೋಣ’ ಎಂದು ಉತ್ತರಿಸಿದ್ದರು. ಕಳೆದ ತಿಂಗಳು ಬೇರೊಬ್ಬ ವಕೀಲರ ಕಚೇರಿಗೆ ಕೆಲಸ ಕೇಳಿ ಹೋದಾಗ, “ತಾರೀಖು ತಪ್ಪಿಸೋ ಟೈಪಿಸ್ಟ್ ನೀವೇ ಅಲ್ವಾ?” ಎಂದು ನಕ್ಕು ಕಳಿಸಿದ್ದರು.

ಅಷ್ಟರಲ್ಲಿ, ಅವಳ ಕಂಪ್ಯೂಟರಿನಲ್ಲೇ ತೆರೆದಿದ್ದ ವಕೀಲರ ಖಾತೆಗೆ ಹೊಸ ಇಮೇಲ್ ಬಂತು. ಅವರ ಸ್ವಂತ ನಿವೇಶನದ ವ್ಯಾಜ್ಯ. ಸೋಮವಾರದೊಳಗೆ ಉತ್ತರ ಕೊಡದಿದ್ದರೆ ಹಕ್ಕು ಕೈಬಿಟ್ಟಂತೆಯೇ. ಅಳಿಸಿದರೆ ಅವರ ಫೋನಿನಿಂದಲೂ ಮಾಯ. ಹಾಳಾಗಲಿ ಅವನ ಸೈಟು. ಬೀದಿಯಲ್ಲಿ ನಿಂತು ಬಾಯಿ ಬಡಿದುಕೊಳ್ಳಲಿ. ಬೆರಳು ಗುಂಡಿಯ ಮೇಲೇ ಇತ್ತು.

ಒತ್ತಿದರೆ, ಅವನು ಬರೆಸಿದ್ದೆಲ್ಲ ನಿಜವಾಗಿಬಿಡುತ್ತದೆ.

ಅವಳು ಕೈ ತೆಗೆದಳು. ಆ ಇಮೇಲನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟಳು. ಆಮೇಲೆ ಅಫಿಡವಿಟ್ ತೆರೆದು ಒಂದು ಸಾಲು ಬದಲಿಸಿದಳು.

ಊಟ ಮುಗಿಸಿ ಬಂದ ವಕೀಲರು ಪೆನ್ನು ಹಿಡಿದೇ ನಿಂತರು. “‘ಟೈಪಿಸ್ಟ್ ಮೂರು ಸಲ ನೆನಪಿಸಿದರೂ, ನನ್ನ ಅಜಾಗರೂಕತೆಯಿಂದ...’ ಏನಿದು? ತಲೆ ಕೆಟ್ಟಿದ್ಯಾ ನಿನಗೆ?”

“ಇಮೇಲ್‌ಗಳನ್ನೂ ಲಗತ್ತಿಸಿದೀನಿ ಸರ್. ನಿಮ್ಮ ಉತ್ತರದ ಸಮೇತ.”

“ಕೆಲಸದಿಂದ ತೆಗೀತೀನಿ.”

“ತೆಗೀರಿ. ಮುಂದಿನ ತಪ್ಪು ಯಾರ ತಲೆಗೆ ಕಟ್ಟೋದು ಅಂತ ಈಗಲೇ ಯೋಚ್ನೆ ಮಾಡ್ಕೊಳ್ಳಿ.”

ಕಕ್ಷಿದಾರ ಹಾಳೆಗಳನ್ನು ಎಳೆದುಕೊಂಡು ಒಂದೊಂದೇ ತಾರೀಖು ಓದಿದ. “ಹೀಗೆ ಬರೆದ್ರೆ ನನ್ನ ಕೇಸು ಬಿದ್ದುಹೋಗುತ್ತಾ ಸರ್?”

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು.

“ಬೀಳಲ್ಲ,” ಎಂದಳು ಅವಳು. “ವಕೀಲರ ತಪ್ಪನ್ನೂ ಕೋರ್ಟು ಮನ್ನಿಸುತ್ತೆ. ಅವರಿಗೆ ಗೊತ್ತು.”

“ಹಂಗಾದ್ರೆ ಸಹಿ ಹಾಕಿ ಸರ್,” ಕಕ್ಷಿದಾರ ಮೆಲ್ಲಗೆ ಹೇಳಿದ. ಆದರೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದ.

ವಕೀಲರು ಅವಳ ಮುಖ ನೋಡದೆ ಸಹಿ ಹಾಕಿದರು. ಅವಳು ಶಾಯಿ ಆರುವವರೆಗೂ ಕಾಯದೆ ಹಾಳೆ ತೆಗೆದುಕೊಂಡಳು.

ಮೆಟ್ಟಿಲಲ್ಲಿ ಕಕ್ಷಿದಾರ ತಡವರಿಸಿದ. “ತಾಯಿ, ಆಗ ನಾನು ಅಂದದ್ದು...”

“ಅದು ಆಮೇಲೆ. ಕೋರ್ಟಿನ ಕೌಂಟರ್ ನಾಲ್ಕಕ್ಕೆ ಮುಚ್ಚುತ್ತೆ. ಹದಿನೆಂಟನೇ ದಿನ ಆಗೋದು ಬೇಡ, ನಡೀರಿ.”