ಡುಬ್ಬಣ್ಣನಿಗೆ ಗಾಳಿ

ಅಟ್ಟ ಖಾಲಿ ಮಾಡುತ್ತಿದ್ದ ಅಮ್ಮನ ಕೈಗೆ ಡುಬ್ಬಣ್ಣ ಸಿಕ್ಕಿದ್ದೇ ತಡ, ನಾನೂ ಅಕ್ಕನೂ ಕೆಲಸಕ್ಕೆ ರಜೆ ಹಾಕಿ ಓಡಿಬಂದೆವು. ಡುಬ್ಬಣ್ಣ ಎಂದರೆ ನಮ್ಮ ಹಳೆಯ ವಿಡಿಯೋ ಗೇಮಿನ ನೆತ್ತಿಗೆ ಸಿಕ್ಕಿಸುವ ಕಪ್ಪು ಡಬ್ಬ. ಇದನ್ನು ಹಾಕಿದರೆ ಹಳೇ ಗೇಮಿಗೆ ಹೊಸ ಜೀವ ಬರುತ್ತದೆ ಎಂದು ಕಂಪನಿಯವರು ಡಂಗುರ ಸಾರಿದ್ದರು. ಅಪ್ಪ ನಂಬಿ ತಂದರು. ವರ್ಷ ತುಂಬುವ ಮೊದಲೇ ಕಂಪನಿ ಕೈ ತೊಳೆದುಕೊಂಡಿತು. ನಮ್ಮ ಪಾಲಿಗೆ ಬಂದದ್ದು ಒಂದೇ ಒಂದು ಕಾರ್ ರೇಸ್.

ಡುಬ್ಬಣ್ಣನಿಗೋ ಮೂಗಿನ ತುದಿಯಲ್ಲೇ ಕೋಪ. ಸ್ವಲ್ಪ ಆಡಿದರೆ ಸಾಕು, ಕಾದು ಕೆಂಡವಾಗಿ ಚಿತ್ರ ಅಲ್ಲೇ ನಿಂತುಬಿಡುತ್ತಿತ್ತು. ಹಾಗಾಗಿ ಒಬ್ಬಳು ಆಡಬೇಕು, ಇನ್ನೊಬ್ಬಳು ರಟ್ಟಿನಿಂದ ಗಾಳಿ ಬೀಸಬೇಕು. ಇಬ್ಬರೂ ಒಟ್ಟಿಗೆ ಆಡಿದ್ದೇ ಇಲ್ಲ. ಯಾರು ಗಟ್ಟಿ ಎಂಬ ಜಗಳವೂ ತೀರಿರಲಿಲ್ಲ. ಈಗ ನಾನು ಬಸ್ ಓಡಿಸುವವಳು, ಅವಳು ಹಲ್ಲಿನ ಡಾಕ್ಟರು. ಹಲ್ಲು ಕೀಳುವವಳ ಮುಂದೆ ಸೋತರೆ ಡಿಪೋದಲ್ಲಿ ಮುಖ ತೋರಿಸುವುದು ಹೇಗೆ? ಇವತ್ತು ನಾನು ಗೆಲ್ಲಲೇಬೇಕಿತ್ತು.

"ಅಮ್ಮಾ, ನೀನು ಬೀಸು. ನಾವಿಬ್ರೂ ಆಡ್ತೀವಿ," ಎಂದಳು ಅಕ್ಕ.

"ಕೂದಲು ಬೆಳ್ಳಗಾಯ್ತು, ಬುದ್ಧಿ ಮಾತ್ರ ಬರ್ಲಿಲ್ಲ," ಎನ್ನುತ್ತಲೇ ಅಮ್ಮ ರಟ್ಟು ಹಿಡಿದು ಕೂತಳು.

ಮೊದಲ ತಿರುವಿನಲ್ಲೇ ನನ್ನ ಕಾರು ಗೋಡೆಗೆ ಬಡಿಯಿತು. ಅಕ್ಕನದು ಕೆರೆಗೆ ಬಿತ್ತು. ಮತ್ತೆ ಶುರು ಮಾಡಿದೆವು. ಮತ್ತೆ ಗೋಡೆ, ಮತ್ತೆ ಕೆರೆ. ಅಮ್ಮ ಬೀಸುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ದಿನಾ ಬಸ್ ಓಡ್ಸೋದೂ ಹೀಗೇನಾ? ಪಾಪ, ಜನ ಹೇಗೆ ಹತ್ತುತ್ತಾರೋ," ಎಂದಳು ಅಮ್ಮ.

"ಬಲಕ್ಕೆ ತಿರುವಿದೆ ಅಂತ ಹೇಳ್ಬಾರ್ದಾ?" ಎಂದು ಅಕ್ಕನ ಮೇಲೆ ರೇಗಿದೆ.

"ನಾನ್ಯಾಕೆ ಹೇಳ್ಲಿ? ಈಗ ನೀನು ಎದುರು ಪಾರ್ಟಿ."

"ಚಿಕ್ಕವರಿದ್ದಾಗೆಲ್ಲಾ ನೀನೇ ಹೇಳ್ತಿದ್ದೆ."

ಹೌದು, ಆಗ ಬೀಸುವವಳ ಕಣ್ಣು ಸದಾ ದಾರಿಯ ಮೇಲಿರುತ್ತಿತ್ತು. ಬಲಕ್ಕೆ, ಎಡಕ್ಕೆ, ನಿಧಾನ, ಈಗ ಬಿಡು ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಆಡುವವಳು ಗುಂಡಿ ಒತ್ತುತ್ತಿದ್ದಳು, ಅಷ್ಟೇ. ಒಬ್ಬೊಬ್ಬರಾಗಿ ನಮ್ಮಿಬ್ಬರಿಗೂ ಆ ಆಟ ಬರುತ್ತಲೇ ಇರಲಿಲ್ಲ.

ಅಕ್ಕ ಅಮ್ಮನ ಕೈಯಿಂದ ರಟ್ಟು ಕಸಿದುಕೊಂಡಳು. "ನೀನು ಆಡು."

"ಗೆದ್ರೆ ಯಾರು ಗೆದ್ದ ಹಾಗೆ?"

"ಬಾಯಿ ಮುಚ್ಕೊಂಡು ಬಲಕ್ಕೆ ತಿರುಗಿಸು."

ತಿರುಗಿಸಿದೆ. ಕಾರು ಕೆರೆಯ ಅಂಚು ಸವರಿಕೊಂಡು ಪಾರಾಯಿತು. ಅಕ್ಕ ಬೀಸುತ್ತಲೇ ಕುಣಿದಳು, ಉಗುಳು ಹಾರಿಸುತ್ತ ಕೂಗಿದಳು. "ಎಡಕ್ಕೆ ಅಂದೆ ಕಣೇ, ಕಿವಿ ಕೇಳಲ್ವಾ ನಿಂಗೆ?" ಎಂದು ಬೈದಳು. ಆ ಬೈಗುಳಕ್ಕೆ ನನಗೆಷ್ಟು ಸಂತೋಷವಾಯಿತೆಂದರೆ, ಎಡಕ್ಕೆ ತಿರುಗಿಸುವುದನ್ನೇ ಮರೆತು ನೇರ ಹೋಗಿ ಗೋಡೆಗೆ ಗುದ್ದಿದೆ.