ಖಾಲಿ ಕೂತ ತಂತಿ

ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಖಾಲಿ ಕೂತದ್ದನ್ನು ಕಂಡರೆ ಯಾರಿಗೂ ಸಹನೆಯಾಗುವುದಿಲ್ಲ, ಹಾಗೆ ಕೂತ ಡೈರೆಕ್ಟರುಗಳನ್ನು ಬಿಟ್ಟು. ಖಾಲಿ ಕುರ್ಚಿ ಕಂಡರೆ ಎತ್ತಿಕೊಂಡು ಹೋಗುತ್ತಾರೆ, ಖಾಲಿ ಗೋಡೆ ಕಂಡರೆ ಬ್ಯಾನರು ಕಟ್ಟುತ್ತಾರೆ. ನಾನು ಎಳೆಸಿದ ಎರಡು ತಂತಿಗಳಲ್ಲಿ ಒಂದು ಖಾಲಿ ಕೂತಿದೆ ಎಂದು ಯಾರೋ ಅಂದದ್ದೇ ತಡ, ಅದಕ್ಕೂ ಕೈ ಹಾಕಿದರು. ಅವರ ಆ ಜಾಣತನಕ್ಕೆ ಸಂಗ್ರಾಮನೆಂಬ ಗೇಟ್ ಕ್ಲಾರ್ಕ್ ಊರೆದುರು ಕಳ್ಳ ಅನ್ನಿಸಿಕೊಂಡ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾನು ನಿಪ್ಪಾಣಿಯವಳು, ಉಜ್ವಲಾ. ರಾಯಬಾಗದ ಹತ್ತಿರದ ಈ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಕಬ್ಬು ಅರೆಯುವ ಹಂಗಾಮು ಶುರುವಾದರೆ ನಮ್ಮ ಅಂಗಳಕ್ಕೆ ಎರಡು ಗೇಟಿನಿಂದ ಕಬ್ಬು ಬರುತ್ತದೆ. ಒಂದರಲ್ಲಿ ಟ್ರ್ಯಾಕ್ಟರು, ಇನ್ನೊಂದರಲ್ಲಿ ಎತ್ತಿನ ಗಾಡಿ. ಇಳಿಸುವ ಜಾಗ ಮಾತ್ರ ಒಂದೇ. ಆದ್ದರಿಂದ ಎರಡು ಗೇಟಿನಲ್ಲೂ ಒಂದೇ ಸಾಲಿನ ನಂಬರ್ ಚೀಟಿ ಬರಬೇಕು. ಇಲ್ಲಿ ಹತ್ತು ಬಂದರೆ ಅಲ್ಲಿ ಹನ್ನೊಂದು. ಪಾಳಿ ತಪ್ಪಿದರೆ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ, ಎತ್ತುಗಳು ನೊಗ ಇಳಿಸದೆ ನಿಂತಲ್ಲೇ ನಿಲ್ಲುತ್ತವೆ. ಹಾಗಾಗಿ ನಂಬರಿಗಾಗಿ ಇಲ್ಲಿ ಕೊರಳಪಟ್ಟಿ ಹಿಡಿಯುವುದು ಹೊಸತೇನಲ್ಲ.

ಈ ಜಗಳ ತಪ್ಪಿಸಲೆಂದೇ ಗೇಟಿಗೊಂದು ಯಂತ್ರ ಇಟ್ಟು ಎರಡನ್ನೂ ಜೋಡಿ ಮಾಡಿದ್ದೆ. ನಮ್ಮ ಕಸುಬಿನಲ್ಲಿ ಇಂಥದ್ದಕ್ಕೆ ಕ್ಲಸ್ಟರ್ ಎನ್ನುತ್ತೇವೆ. ನಂಬರು ಹಂಚುವುದು ಟ್ರ್ಯಾಕ್ಟರ್ ಗೇಟಿನ ಯಂತ್ರ. ಗಾಡಿ ಗೇಟಿನದು ಅದನ್ನು ಕೇಳಿ ಚೀಟಿ ಕೊಡುತ್ತದೆ. ಎರಡೂ ಬಿಡುವಿಲ್ಲದೆ ‘ಇದ್ದೀಯಾ?’ ‘ಇದ್ದೀನಿ’ ಎಂದು ಮಾತಾಡಿಕೊಳ್ಳುತ್ತಿರುತ್ತವೆ. ಒಂದು ಸುಮ್ಮನಾದರೆ, ಅದು ಕೆಟ್ಟಿತೆಂದು ತಿಳಿದು ಇನ್ನೊಂದು ತಾನೇ ನಂಬರು ಹಂಚಲು ನಿಲ್ಲುತ್ತದೆ. ಕೆಟ್ಟದ್ದು ಯಂತ್ರವಾಗಿದ್ದರೆ ಇದು ಒಳ್ಳೆಯದೇ. ಯಂತ್ರಗಳು ನೆಟ್ಟಗಿದ್ದು ನಡುವಿನ ತಂತಿ ಹೋದರೆ ಮಾತ್ರ ಕೇಡು. ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಎರಡೂ ತಾವೇ ಯಜಮಾನರಾಗಿ, ಅದದೇ ನಂಬರನ್ನು ಎರಡೂ ಗೇಟಿನಲ್ಲಿ ಹಂಚತೊಡಗುತ್ತವೆ. ಅದಕ್ಕಾಗಿಯೇ ಎರಡು ತಂತಿ, ಎರಡು ದಾರಿ. ಒಂದು ಕಾರ್ಖಾನೆಯ ಮುಂದೆ ಕಂಬಗಳ ಮೇಲೆ, ಇನ್ನೊಂದು ಹಿಂದಿನ ಕಂಪೌಂಡಿನ ಗುಂಟ. ಒಂದು ಹರಿದರೂ ಮಾತು ನಿಲ್ಲಬಾರದು. ಎರಡೂ ಸರಿಯಿದ್ದರೆ ನನ್ನ ಪರದೆಯ ಮೇಲೆ ಎರಡು ಹಸಿರು ದೀಪ ಕಾಣುತ್ತಿದ್ದವು.

ಹಂಗಾಮಿಗೆ ಮೊದಲಿನ ಬಾಯ್ಲರ್ ಪೂಜೆಯ ವಾರ ನಾನು ಅಕ್ಕನ ಬಾಣಂತನಕ್ಕೆಂದು ಬೋರಗಾಂವಕ್ಕೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ಮುಂದಿನ ಕಂಬಗಳು ಬೋಳು. ಡೈರೆಕ್ಟರುಗಳು ಪೂಜೆಗೆ ಬಂದು ಇಳಿಯುವ ಗೆಸ್ಟ್ ಹೌಸಿನಲ್ಲಿ ಟಿವಿಗೆ, ಕ್ಯಾಮರಾಗಳಿಗೆ ನೆಟ್ ಬೇಕಿತ್ತಂತೆ. ಮ್ಯಾನೇಜರ್ ರಾವಸಾಹೇಬರು ಎಲೆಕ್ಟ್ರಿಷಿಯನ್ ಲಗಮಣ್ಣನಿಗೆ ಹೇಳಿ ಮುಂದಿನ ತಂತಿ ಬಿಚ್ಚಿಸಿ ಅಲ್ಲಿಗೆ ಎಳೆಸಿದ್ದರು. ಹಿಂದಿನ ತಂತಿಯನ್ನೂ ಬಿಡಲಿಲ್ಲ. ಗೆಸ್ಟ್ ಹೌಸಿನ ಹಿಂದೆ ಹಾಯುತ್ತಿದ್ದ ಅದನ್ನು ಅಡುಗೆಮನೆಯೊಳಗೆ ಎಳೆದು ತುಂಡರಿಸಿ, ಕರೆಂಟಿನಿಂದ ನಡೆಯುವ ಒಂದು ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿ, ಟಿವಿಯನ್ನೂ ಅದಕ್ಕೇ ಜೋಡಿಸಿದ್ದರು. ಪರದೆಯಲ್ಲಿ ಕೆಂಪು ಕಾಣಬಾರದೆಂದು ಗೇಟುಗಳಲ್ಲಿ ಯಂತ್ರದ ಎರಡೆರಡು ಪ್ಲಗ್ಗುಗಳನ್ನೂ ಆ ಒಂದೇ ತಂತಿಗೆ ಹಚ್ಚಿದ್ದರು. ಹೆಸರಿಗೆ ಎರಡು ದಾರಿ, ಓಡಾಡುವುದು ಒಂದರಲ್ಲೇ.

ನಾನು ನೇರ ರಾವಸಾಹೇಬರ ಕ್ಯಾಬಿನ್ನಿಗೆ ಹೋದೆ.

“ಎರಡೂ ಹಸರ ಅದಾವಲ್ಲ ಬಾಯಿ? ಮತ್ತೇನ ನಿಂದು?” ಎಂದರು, ಚಹಾ ಹೀರುತ್ತ.

“ಒಂದ ತಂತಿ ಎರಡ ಸರ್ತಿ ಹಸರ ತೋರಸಾಕತ್ತೈತ್ರಿ ಸಾಹೇಬ್ರ. ಅದು ಹೋದ್ರ ಎರಡೂ ಹೋಗತಾವ.”

“ವರ್ಷಾನಗಟ್ಲೆ ಖಾಲಿ ಕುಂತಿತ್ತ ಆ ಮುಂದಿನ ತಂತಿ. ಕುಂತ ಉಣ್ಣೋದನ್ನ ಯಾರ ಸಾಕತಾರ? ಹಂಗಾಮ ಮುಗೀಲಿ, ನೋಡೋಣಂತ.”

ನಾನು ಸುಮ್ಮನಿರಲಿಲ್ಲ. ಮಾತು ಬಂತೋ ಇಲ್ಲವೋ ಎಂಬುದಷ್ಟೇ ಅಲ್ಲ, ಯಾವ ದಾರಿಯಿಂದ ಬಂತು ಎಂಬುದನ್ನೂ ಪರದೆ ಕೇಳುವಂತೆ ಮಾಡಿದೆ. ಆ ಕ್ಷಣದಿಂದ ಒಂದು ದೀಪ ಕೆಂಪಾಯಿತು, ಕೆಂಪಾಗಿಯೇ ಉಳಿಯಿತು. ರಾವಸಾಹೇಬರು ಏನು ಮಾಡಿದರು ಗೊತ್ತೆ? ತಂತಿ ಹಾಕಿಸಲಿಲ್ಲ. ಬಂದ ಹೋದವರೆದುರು ಕೆಂಪು ದೀಪ ಚಂದ ಕಾಣುವುದಿಲ್ಲ ಎಂದು ತಮ್ಮ ಕ್ಯಾಬಿನ್ನಿನ ಪರದೆಯನ್ನೇ ಆರಿಸಿಬಿಟ್ಟರು. ಜ್ವರ ಬಂದಿದೆ ಎಂದು ಥರ್ಮಾಮೀಟರು ಒಡೆದು ಹಾಕುವವರಿಗೆ ಯಾರು ಏನು ಹೇಳಬೇಕು!

ಡಿಸೆಂಬರಿನ ಒಂದು ಮಧ್ಯಾಹ್ನ ಆಗುವುದು ಆಯಿತು. ಗೆಸ್ಟ್ ಹೌಸಿನಲ್ಲಿ ಡೈರೆಕ್ಟರುಗಳ ಊಟವಿತ್ತು. ಅಡುಗೆಯ ಗಂಗೂಬಾಯಿ ಶೇಂಗಾ ಚಟ್ನಿ ಮಾಡಲು ಮಿಕ್ಸರಿಗೆ ಜಾಗ ಹುಡುಕಿ ಗೋಡೆಯ ಒಂದು ಪ್ಲಗ್ಗು ಕಿತ್ತಳು. ಅದು ಆ ಪುಟ್ಟ ಪೆಟ್ಟಿಗೆಯ ಪ್ಲಗ್ಗು. ಆಕೆಗೇನು ಗೊತ್ತು ಪಾಪ, ಅಡುಗೆಮನೆಯ ಗೋಡೆಯಲ್ಲಿ ಕಾರ್ಖಾನೆಯ ಪಾಳಿ ನೇತಾಡುತ್ತಿದೆ ಎಂದು? ಕಚೇರಿಯಲ್ಲಿ ನನ್ನ ಪರದೆ ಪೂರ್ತಿ ಕೆಂಪಾದದ್ದು ಕಂಡು ನಾನು ಓಡಿದೆ. ಗೆಸ್ಟ್ ಹೌಸು ಅಂಗಳದ ಆ ತುದಿಗೆ. ಹೋಗುವಷ್ಟರಲ್ಲಿ ಚಟ್ನಿ ನುಣ್ಣಗಾಗಿ, ಪ್ಲಗ್ಗು ಮತ್ತೆ ಜಾಗಕ್ಕೆ ಬಂದು, ಪೆಟ್ಟಿಗೆಯ ದೀಪವೂ ಹತ್ತಿತ್ತು. ಆದರೆ ಅಷ್ಟರೊಳಗೆ ಎರಡು ಗೇಟಿನಲ್ಲೂ ಅದದೇ ನಂಬರಿನ ಚೀಟಿಗಳು ಹೊರಬಿದ್ದಿದ್ದವು.

ಕಬ್ಬು ಇಳಿಸುವ ಜಾಗದಲ್ಲಿ ಆಗಲೇ ಗದ್ದಲ. ಕಾಗವಾಡದ ಕಡೆಯ ರಾಜಮತಿ ಎಂಬ ಹೆಂಗಸು ತಮ್ಮ ಟ್ರ್ಯಾಕ್ಟರಿನ ಮುಂದೆ ಸೆರಗು ಸಿಕ್ಕಿಸಿ ನಿಂತಿದ್ದರು. ತಮ್ಮ ಹೊಲ ತಾವೇ ಮಾಡಿಸುವ ಗಟ್ಟಿ ಹೆಂಗಸು. ಅವರೆದುರು ಎತ್ತಿನ ಗಾಡಿಯವನೊಬ್ಬ. ಇಬ್ಬರ ಚೀಟಿಯಲ್ಲೂ ಒಂದೇ ನಂಬರು.

“ನಂಬರ ಮಾರ್ಯಾರ್ರೀ ಇಲ್ಲಿ!” ಎಂದು ರಾಜಮತಿ ಕೂಗಿದರು. ನೂರು ಗಂಟಲು ಅದನ್ನೇ ಕೂಗಿದವು.

ರಾವಸಾಹೇಬರು ಬಂದರು. ಏನು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಗಾಡಿ ಗೇಟಿನ ಕ್ಲಾರ್ಕನ ಹೆಸರೂ ಎತ್ತಲಿಲ್ಲ. ಟ್ರ್ಯಾಕ್ಟರ್ ಗೇಟಿನ ಕ್ಯಾಬಿನ್ನಿನಿಂದ ಸಂಗ್ರಾಮನನ್ನು ತೋಳು ಹಿಡಿದು ಎಳೆದು ತಂದರು. “ತಗೀಲೇ ಕಿಸೇದಾಗಿಂದು” ಎಂದರು. ಅವನು ಕಿಸೆ ಹೊರಳಿಸಿದ. ಬಸ್ ಪಾಸು, ಒಂದು ಬಾಚಣಿಗೆ, ಅವನ ತಾಯಿ ಜನಾಬಾಯಿಯ ಗುಳಿಗೆ. ಅಷ್ಟೇ.

“ರೊಕ್ಕ ಮನೀಗೆ ದಾಟಿಸ್ಯಾನ” ಎಂದರು ರಾವಸಾಹೇಬರು. “ಇವತ್ತಿಂದ ನೌಕರಿ ಇಲ್ಲ. ಪೊಲೀಸರಿಗೆ ಫೋನ ಹಚ್ಚರಿ.”

“ನಾ ಏನೂ ಮಾಡಿಲ್ರೀ ಸಾಹೇಬ್ರ. ಗುಂಡಿ ಒತ್ತೀನಿ, ಬಂದ ಚೀಟಿ ಕೊಟ್ಟೀನಿ” ಎಂದು ಸಂಗ್ರಾಮ ಎಲ್ಲರ ಮುಖ ನೋಡಿ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು ನನ್ನ ಕಣ್ಣೆದುರೇ ನಡೆಯಿತು. ಒಂದು ಮಾತು ಬಾಯಿಬಿಟ್ಟೇ ಹೇಳುತ್ತೇನೆ. ಆ ಕುರ್ಚಿಯಲ್ಲಿ ದೇಸಾಯರ ಮನೆಯ ಹುಡುಗ ಕೂತಿದ್ದರೆ ಮೊದಲು ಯಂತ್ರ ನೋಡುತ್ತಿದ್ದರು. ಕೂತವನು ಬುದ್ಧ ವಿಹಾರದ ಓಣಿಯ ಸಂಗ್ರಾಮ, ಅದಕ್ಕೇ ಮೊದಲು ಕಿಸೆ ನೋಡಿದರು.

ನಾನು ರಾವಸಾಹೇಬರನ್ನು ತಡೆದು, ನಡೆದದ್ದು ಹೇಳಿದೆ. ಅವರು ನನ್ನನ್ನು ಟ್ರ್ಯಾಕ್ಟರಿನ ಮರೆಗೆ ಕರೆದೊಯ್ದು ದನಿ ತಗ್ಗಿಸಿದರು.

“ಮಷೀನ ತಪ್ಪಂದ್ರ ಮಂದಿ ಕಾರ್ಖಾನಿ ಮ್ಯಾಲ ಬೀಳತಾರ. ಡೈರೆಕ್ಟರು ಇಲ್ಲೇ ಅದಾರ. ಒಬ್ಬ ಕ್ಲಾರ್ಕ ಹೋದ್ರ ಹೋದ, ನಾಕ ದಿನದಾಗ ಮರೀತಾರ. ನೀ ಸುಮ್ಮ ಇರು.”

“ಅಂವ ಮರೀತಾನೇನ್ರಿ?” ಎಂದೆ.

“ಅಂವನ ಚಿಂತಿ ನಿನಗ್ಯಾಕ?”

ನನ್ನ ಸಿಟ್ಟು ನೆತ್ತಿಗೇರಿತು. ಅವರನ್ನು ಅಲ್ಲೇ ಬಿಟ್ಟು ಟ್ರೇಲರಿನ ಕೊಂಡಿಯ ಮೇಲೆ ಹತ್ತಿ ನಿಂತೆ. ಸಂಗ್ರಾಮ ನಂಬರು ಮಾರಿಲ್ಲ, ನಡುವಿನ ತಂತಿ ಹೋಗಿ ಯಂತ್ರಗಳೇ ಎರಡೆರಡು ಕೊಟ್ಟಿವೆ ಎಂದು ಕೂಗಿ ಹೇಳಿದೆ. ಜನ ನಕ್ಕರು. ಕಂಪ್ಯೂಟರ್ ಎಲ್ಲಾದರೂ ತಪ್ಪು ಮಾಡುತ್ತದೆಯೇ, ಮಾಡುವುದು ಮನುಷ್ಯರೇ ಎಂದು ಯಾರೋ ನನಗೇ ಬುದ್ಧಿ ಹೇಳಿದರು.

“ಹಂಗಾರ ತೋರಸ್ತೀನಿ, ಬರ್ರಿ. ಸಂಗ್ರಾಮ ನಿಮ್ಮ ನಡಕ ನಿಂದರ್ಲಿ, ಗುಂಡಿ ಮುಟ್ಟೂದ ಬ್ಯಾಡ” ಎಂದೆ.

ರಾವಸಾಹೇಬರು ಅಡ್ಡ ಬಂದರು. ರಾಜಮತಿ ಅವರನ್ನು ಕೈಯಿಂದ ಸರಿಸಿದರು. “ನಮ್ಮ ಕಬ್ಬ ಹೆಂಗಿದ್ರೂ ನಿಂತೈತಿ. ನೋಡೇ ಹೋಗೋಣ ತಗೀರಿ.”

ಲಗಮಣ್ಣನನ್ನು ಗೆಸ್ಟ್ ಹೌಸಿಗೆ ಅಟ್ಟಿದೆ. ತಾನೇ ಹಾಕಿದ ಪೆಟ್ಟಿಗೆ, ತಾನೇ ಕೀಳಲಿ. ಗಾಡಿಯವನು ಇಬ್ಬರು ಸಾಕ್ಷಿಗಳೊಡನೆ ಗಾಡಿ ಗೇಟಿಗೆ ಹೋದ. ನಾವು ಉಳಿದವರು ಟ್ರ್ಯಾಕ್ಟರ್ ಗೇಟಿನಲ್ಲಿ ಫೋನಿನ ಸ್ಪೀಕರು ಹಚ್ಚಿ ನಿಂತೆವು. ಗುಂಡಿ ಯಾರು ಒತ್ತುವುದು ಎಂಬ ಪ್ರಶ್ನೆ ಬಂತು.

“ಸಾಹೇಬ್ರ, ನೀವ ಒತ್ತರಿ” ಎಂದರು ರಾಜಮತಿ. “ನಿಮ್ಮ ಮ್ಯಾಲ ಯಾರಿಗೂ ಸಂಶೇ ಇಲ್ಲಲ್ಲ.”

ಒತ್ತದೆ ಬೇರೆ ದಾರಿ ಇರಲಿಲ್ಲ. ಪ್ಲಗ್ಗು ಕಿತ್ತೆ ಎಂದು ಲಗಮಣ್ಣ ಫೋನಿನಲ್ಲಿ ಹೇಳಿದ ಮೇಲೆ ರಾವಸಾಹೇಬರು ಗುಂಡಿ ಒತ್ತಿದರು. ಚೀಟಿ ಬಂತು. ರಾಜಮತಿ ಅದನ್ನು ಎತ್ತಿ ನಂಬರು ಓದಿದರು. ಸ್ಪೀಕರಿನಲ್ಲಿ ಗಾಡಿಯವನೂ ಅಲ್ಲಿ ಒತ್ತಿ ಬಂದ ತನ್ನದನ್ನು ಓದಿದ. ಎರಡೂ ಒಂದೇ. ಇನ್ನೊಮ್ಮೆ ಒತ್ತಿಸಿದರು. ಆಗಲೂ ಒಂದೇ.

ರಾಜಮತಿ ಚೀಟಿಯನ್ನು ರಾವಸಾಹೇಬರ ಮುಂದೆ ಹಿಡಿದು, “ಈಗ ನಿಮ್ಮ ಕಿಸೇ ತೋರಸ್ರಿ” ಎಂದರು. ಜನ ಹೋ ಎಂದು ನಕ್ಕರು. ರಾವಸಾಹೇಬರ ಮುಖ ಕಪ್ಪಿಟ್ಟಿತು.

“ಏನೋ ಟೆಕ್ನಿಕಲ್ ಪ್ರಾಬ್ಲಮ್ ಆಗೈತಿ” ಎಂದು ತೊದಲಿದರು. “ಎಲ್ಲಾರಿಗೂ ಹೊಸಾ ನಂಬರ ಕೊಡತೇವಿ. ಏ ಸಂಗ್ರಾಮ, ಹೋಗಿ ಕುಂಡರ ನೌಕರಿಗೆ.”

“ತಪ್ಪಾತು ಅನ್ರಿ ಮೊದಲ ಅವಗ” ಎಂದೆ ನಾನು.

“ಮ್ಯಾನೇಜರ ಹೋಗಿ ಕ್ಲಾರ್ಕಗ ತಪ್ಪಾತು ಅನ್ನೂದೇನ ಬೇ?”

ನಾನು ಜನರ ಕಡೆ ತಿರುಗಿದೆ. ಆದರೆ ಹೊಸ ನಂಬರು ಎಂಬ ಮಾತು ಕಿವಿಗೆ ಬಿದ್ದದ್ದೇ, ಎಲ್ಲರೂ ತಮ್ಮ ತಮ್ಮ ಟ್ರ್ಯಾಕ್ಟರಿನ ಕಡೆ, ಗಾಡಿಯ ಕಡೆ ಓಡತೊಡಗಿದ್ದರು. ರಾಜಮತಿಯೂ ಸೆರಗು ಬಿಗಿದುಕೊಂಡು ಓಡಿದರು. ಕಳ್ಳ ಎನ್ನುವಾಗ ನೂರು ಮಂದಿ ಇದ್ದರು. ಕಳ್ಳ ಅಲ್ಲ ಎನ್ನುವ ಹೊತ್ತಿಗೆ ಎಲ್ಲರಿಗೂ ಅವಸರ. ಇಷ್ಟು ನಾಚಿಕೆಗೇಡು ನಾನು ನೋಡಿರಲಿಲ್ಲ.

ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಗೆಸ್ಟ್ ಹೌಸಿಗೆ ಹೋಗಿ ಆ ಪೆಟ್ಟಿಗೆಯನ್ನು ಕಿತ್ತೆಸೆದು, ತುಂಡರಿಸಿದ ತಂತಿಯನ್ನು ಜೋಡಿಸಿದೆ. ಟಿವಿಗೆ ಎಳೆದ ತಂತಿಯನ್ನು ಬಿಚ್ಚಿ ಲಗಮಣ್ಣನಿಂದ ಮತ್ತೆ ಕಂಬಗಳ ಮೇಲೆ ಕಟ್ಟಿಸಿದೆ. ಊಟ ಮುಗಿಸಿ ಸೋಫಾದಲ್ಲಿ ಒರಗಿದ್ದ ಡೈರೆಕ್ಟರೊಬ್ಬರು ಕ್ರಿಕೆಟ್ ನಿಂತಿತೆಂದು ಕೂಗಾಡಿದರು. ಕೂಗಿಕೊಳ್ಳಲಿ ಎಂದು ಬಿಟ್ಟೆ. ಪರದೆಯಲ್ಲಿ ಎರಡು ದೀಪಗಳೂ ನಿಜವಾಗಿ ಹಸಿರಾದ ಮೇಲೆ ಟ್ರ್ಯಾಕ್ಟರ್ ಗೇಟಿಗೆ ಬಂದೆ.

ಸಂಗ್ರಾಮ ಕ್ಯಾಬಿನ್ನಿನಲ್ಲಿ ಕೂತು ಚೀಟಿ ಕೊಡುತ್ತಿದ್ದ. ಕಣ್ಣು ಕೆಂಪಗಿದ್ದವು.

“ಎಲ್ಲಾ ಸರಿ ಆತು ನೋಡಪಾ” ಎಂದೆ. ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಕಾದಿದ್ದೆನೋ ಏನೋ.

“ಮ್ಯಾಡಮ್, ಒಂದ ಕೇಳ್ಲಿ?” ಎಂದ. “ನೀವು ನನ್ನ ನಂಬಿ ಓಡಿ ಬಂದ್ರ್ಯೋ, ಮಷೀನ ನಂಬಿ ಬಂದ್ರ್ಯೋ?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

“ಮಷೀನ ನಂಬಿ” ಎಂದೆ.

ಅವನು ತಲೆಯಾಡಿಸಿದ. “ಹೂನ್ರಿ. ಎಲ್ಲಾರೂ ಪ್ಲಗ್ಗಿನ ಮಾತ ಕೇಳಿದ್ರಿ. ನಾ ಬಾಯಿ ಬಿಟ್ಟ ಹೇಳಿದ್ದ ಯಾರಿಗೂ ಕೇಳಲಿಲ್ಲ. ನಾಳೆ ಮಷೀನ ಸರಿ ಇದ್ದು ಏನಾರ ಹೆಚ್ಚುಕಮ್ಮಿ ಆದ್ರ, ಆವಾಗ ನಾ ಯಾರ್ರಿ?”

ಹೊರಗೆ ಟ್ರ್ಯಾಕ್ಟರಿನವನು ಹಾರ್ನ್ ಒತ್ತಿ ಹಿಡಿದಿದ್ದ. ಸಂಗ್ರಾಮ ನನ್ನ ಉತ್ತರಕ್ಕೆ ಕಾಯದೆ ಗುಂಡಿ ಒತ್ತಿ, ಬಂದ ಚೀಟಿಯನ್ನು ಕಿಟಕಿಯಾಚೆ ಚಾಚಿದ. ಟ್ರ್ಯಾಕ್ಟರಿನವನು ಅದನ್ನು ಇಸಿದುಕೊಂಡು ಎರಡೆರಡು ಸಲ ಓದಿ, ಅವನ ಮುಖವನ್ನು ಅನುಮಾನದಿಂದ ನೋಡಿ, ಮುಂದೆ ಹೋದ.